ಡಾಕ್ಟರಮ್ಮನಿಗೆ ಪತ್ರ: ಜ್ವರ ಬಿಟ್ಟರೂ ಸುಸ್ತು ಬಿಡದಿದ್ದಾಗ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಮಾತನ್ನು ಹೇಳುತ್ತವೆ: ಜ್ವರ ಹೋಯಿತು, ಆದರೆ ನಾನು ಮೊದಲಿನಂತಾಗಲಿಲ್ಲ. ಕೆಲವರಿಗೆ ಬಂದದ್ದು ಕೊರೊನಾ, ಕೆಲವರಿಗೆ ಚಿಕೂನ್‌ಗುನ್ಯಾ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ. ಅತ್ತೆಯೊಬ್ಬರು ಸೊಸೆಯ ಬಗ್ಗೆ ಬರೆದ ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಆ ಮನೆಯ ಸೊಸೆಯಂಥವರು ಸಾಗರದ ನನ್ನ ಕ್ಲಿನಿಕ್ಕಿಗೆ ಇವತ್ತಿಗೂ ಬರುತ್ತಾರೆ, ಹೆಚ್ಚಿನವರು ಜೊತೆಗೆ ಯಾರೂ ಇಲ್ಲದೆ ಬರುತ್ತಾರೆ.

ಪ್ರಶ್ನೆ: ನಮ್ಮ ಸೊಸೆಗೆ 34 ವರ್ಷ. 2021ರ ಮೇ ತಿಂಗಳಲ್ಲಿ ಮನೆಮಂದಿಗೆಲ್ಲ ಕೊರೊನಾ ಬಂತು. ನನಗೆ ಆಕ್ಸಿಜನ್ ಹಾಕಬೇಕಾಯಿತು, ಅವಳಿಗೆ ಬರೀ ನಾಲ್ಕು ದಿನದ ಜ್ವರ. ನಾನು ಗಟ್ಟಿಯಾದೆ, ಅವಳು ಆಗಲಿಲ್ಲ. ಮಧ್ಯಾಹ್ನ ಮಲಗಲೇಬೇಕು. ಒಲೆ ಮುಂದೆ ನಿಂತರೆ ಎದೆ ಹೊಡೆದುಕೊಳ್ಳುತ್ತೆ, ತಲೆ ಸುತ್ತುತ್ತೆ ಅಂತಾಳೆ. ಓದಿದ್ದು ನೆನಪಿರಲ್ಲ ಅಂತಾಳೆ. ಎರಡು ಕಡೆ ತೋರಿಸಿದೆವು, ರಿಪೋರ್ಟ್ ಎಲ್ಲ ನಾರ್ಮಲ್, ಟೆನ್ಷನ್ ಮಾಡ್ಕೋಬೇಡಿ ಅಂದರು. ಹೋದ ಗೌರಿ ಹಬ್ಬದ ದಿನ ಬೆಳಗಿನಿಂದ ಚೆನ್ನಾಗೇ ಓಡಾಡಿ ಹೋಳಿಗೆ ಎಲ್ಲ ಮಾಡಿದಳು. ಮರುದಿನದಿಂದ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಹಬ್ಬದ ದಿನ ಆಗುವುದು ಬೇರೆ ದಿನ ಯಾಕೆ ಆಗುವುದಿಲ್ಲ? ಇದು ಕಾಯಿಲೆಯೋ ಮೈಗಳ್ಳತನವೋ, ಬಿಡಿಸಿ ಹೇಳಿ. ಅವಳಿಗೆ ಕೇಡು ಬಯಸಿ ಬರೆಯುತ್ತಿಲ್ಲ.
(ಹೆಸರು ಬೇಡ, ತರೀಕೆರೆ ತಾಲ್ಲೂಕು)

ಉತ್ತರ: ಅಮ್ಮಾ, ಇದು ಕಾಯಿಲೆ. ಸೊಸೆಯನ್ನು ನೋಡದೆಯೂ ಇಷ್ಟು ಧೈರ್ಯವಾಗಿ ಹೇಳಲು ಕಾರಣ ನೀವೇ ಬರೆದ ಹಬ್ಬದ ಸಂಗತಿ. ಮೈಗಳ್ಳರು ಕೆಲಸಕ್ಕೆ ಮುಂಚೆಯೇ ಜಾರಿಕೊಳ್ಳುತ್ತಾರೆ. ನಿಮ್ಮ ಸೊಸೆ ಕೆಲಸವನ್ನೆಲ್ಲ ಮುಗಿಸಿ ಆಮೇಲೆ ಬಿದ್ದಿದ್ದಾಳೆ. ಶ್ರಮ ಪಟ್ಟ ಆ ಹೊತ್ತಿಗೆ ಏನೂ ಆಗದೆ, ಹನ್ನೆರಡು ತಾಸಿನಿಂದ ಎರಡು ದಿನದೊಳಗೆ ಮೈ ಪೂರ್ತಿ ಕುಸಿದು, ಹಾಗೇ ದಿನಗಟ್ಟಲೆ ಉಳಿಯುವುದು ಈ ಕಾಯಿಲೆಯ ಮುಖ್ಯ ಗುರುತು. ಎಲ್ಲರಿಗೂ ಕೆಲಸದ ನಂತರ ದಣಿವಾಗುತ್ತದೆ, ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಇವಳದ್ದು ನಿದ್ದೆಗೂ ಹೋಗುವುದಿಲ್ಲ. ಕೇಳಿ ನೋಡಿ, ಎದ್ದಾಗಲೂ ಮಲಗಿದಾಗಿನಷ್ಟೇ ಸುಸ್ತು ಎನ್ನುತ್ತಾಳೆ.

ಇದನ್ನು ಲಾಂಗ್ ಕೋವಿಡ್ ಎನ್ನುತ್ತಾರೆ. 2020ರಲ್ಲಿ ರೋಗಿಗಳೇ ಇಟ್ಟ ಹೆಸರು ಇದು, ವೈದ್ಯರು ಒಪ್ಪಿದ್ದು ಆಮೇಲೆ. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಲಕ್ಷಣ ಬರೆಯಿತು: ಸೋಂಕು ತಗಲಿ ಮೂರು ತಿಂಗಳಾದ ಮೇಲೂ ತೊಂದರೆ ಇರಬೇಕು, ಕನಿಷ್ಠ ಎರಡು ತಿಂಗಳು ಉಳಿದಿರಬೇಕು, ಅದಕ್ಕೆ ಬೇರೆ ಕಾರಣ ಸಿಕ್ಕಿರಬಾರದು. ನಿಮಗೆ ಆಕ್ಸಿಜನ್ ಬೇಕಾಯಿತು, ಅವಳಿಗೆ ಬರೀ ಜ್ವರ, ಆದರೂ ಅವಳಿಗೇ ಹೀಗಾಯಿತಲ್ಲ ಎಂಬ ಪ್ರಶ್ನೆ ನಿಮ್ಮ ಪತ್ರದಲ್ಲಿ ಅಡಗಿದೆ. ಆಸ್ಪತ್ರೆ ಸೇರಿದವರಿಗೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ವಾಸಿಯಾದವರ ಸಂಖ್ಯೆ ಬಲು ದೊಡ್ಡದು, ಹಾಗಾಗಿ ಜ್ವರದ ನಂತರವೂ ಉಳಿದ ಸುಸ್ತಿನಿಂದ ನರಳುವವರಲ್ಲಿಯೂ ಅವರೇ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಇದು ಜಾಸ್ತಿ.

ರಿಪೋರ್ಟ್ ನಾರ್ಮಲ್ ಎಂದರೆ ಏನು ಎಂದು ನಾನು ಬರುವವರಿಗೆಲ್ಲ ಬಿಡಿಸಿ ಹೇಳುತ್ತೇನೆ. ನಾವು ಹುಡುಕಿದ್ದು ಸಿಗಲಿಲ್ಲ, ಅಷ್ಟೇ. ಈ ಕಾಯಿಲೆಯನ್ನು ತೋರಿಸುವ ಒಂದು ರಕ್ತಪರೀಕ್ಷೆ ನಮ್ಮ ಲ್ಯಾಬುಗಳಲ್ಲಿ ಇನ್ನೂ ಇಲ್ಲ. ಮೈಯೊಳಗೆ ಆಗುವುದನ್ನು ಸಂಶೋಧಕರು ಕಾಣುತ್ತಿದ್ದಾರೆ. 2024ರ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮಿನ ತಂಡವೊಂದು ಇಂಥ 25 ರೋಗಿಗಳಿಂದ ಸೈಕಲ್ ತುಳಿಸಿ, ತುಳಿಯುವ ಮೊದಲೊಮ್ಮೆ, ತುಳಿದ ಮರುದಿನ ಇನ್ನೊಮ್ಮೆ, ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿತು. ಶ್ರಮದ ನಂತರ ಸ್ನಾಯುವಿನಲ್ಲಿ ಹಾನಿ ಹೆಚ್ಚಿತ್ತು, ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗ ಕುಂದಿತ್ತು. ಸೊಸೆ ‘ಮೈಯಲ್ಲಿ ಜೀವ ಇಲ್ಲ’ ಎಂದಾಗ ಅವಳು ಹೇಳುತ್ತಿರುವುದು ಇದನ್ನೇ. ವೈರಸ್ಸಿನ ತುಣುಕು ಮೈಯಲ್ಲಿ ಉಳಿದುಕೊಳ್ಳುವುದು, ರೋಗನಿರೋಧಕ ವ್ಯವಸ್ಥೆ ಹಳಿ ತಪ್ಪುವುದು, ಎದೆಬಡಿತ ಮತ್ತು ರಕ್ತದೊತ್ತಡ ನೋಡಿಕೊಳ್ಳುವ ನರಗಳು ಎಡವಟ್ಟಾಗುವುದು, ಹೀಗೆ ಹಲವು ಕಾರಣಗಳ ಬೆನ್ನು ಹತ್ತಿದ್ದಾರೆ. ಒಬ್ಬೊಬ್ಬರಲ್ಲಿ ಒಂದೊಂದು ಇದ್ದೀತು.

ವೈರಸ್ ಜ್ವರದ ಬಾಲ ಉದ್ದವಿರುವುದು ಕೊರೊನಾದಿಂದ ಶುರುವಾದದ್ದಲ್ಲ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಿಂದ ಎದ್ದವರು ವಾರಗಟ್ಟಲೆ ನಿತ್ರಾಣರಾಗಿರುವುದು ಮಲೆನಾಡಿನವರಿಗೆಲ್ಲ ಗೊತ್ತು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಗೆ ಸೋಂಕಿನಂಥ ಕಾಯಿಲೆ ಬಂತು. ಕೆಲವರು ಬಹುಕಾಲ ಚೇತರಿಸಿಕೊಳ್ಳಲಿಲ್ಲ. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ಓದಿ, ನರಳಿದವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನೂ ಒಂದು ಕಾರಣವಾಗಿ ಎಣಿಸಿ, ಅದು ಸಾಮೂಹಿಕ ಹಿಸ್ಟೀರಿಯಾ, ಅಂದರೆ ಮೈಯ ಕಾಯಿಲೆಯಲ್ಲ, ಮನಸ್ಸಿನದು ಎಂದು ಬರೆದರು. ಆ ಬರಹದ ನೆರಳಿನಲ್ಲಿ ಎಷ್ಟೋ ವರ್ಷ ಇಂಥ ರೋಗಿಗಳನ್ನು ಯಾರೂ ಸರಿಯಾಗಿ ನೋಡಲಿಲ್ಲ. ಈ ಕಥೆ ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಊರುಗಳಲ್ಲಿ ಅದೇ ಮಾತು ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ರೂಪದಲ್ಲಿ ಇನ್ನೂ ನಡೆದಿದೆ.

ಈಗ ಮಾಡಬೇಕಾದ್ದು. ಬೇರೆ ಕಾರಣ ಇಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಯಾವ ಯಾವ ಪರೀಕ್ಷೆ ಮಾಡಿಸಿದಿರಿ ಎಂದು ನೀವು ಬರೆದಿಲ್ಲ. ಹಿಮೋಗ್ಲೋಬಿನ್ ಜೊತೆಗೆ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯಿಡ್, ಸಕ್ಕರೆ, ಬಿ12, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಒಂದು ಇಸಿಜಿ ಆಗಿರಬೇಕು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಕೊರೊನಾ ಸುಸ್ತು ಎಂದುಕೊಂಡೇ ಕ್ಷಯವನ್ನು ಬಿಟ್ಟುಬಿಡಬಾರದು.

ಆಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸೊಸೆ ಹತ್ತು ನಿಮಿಷ ಸುಮ್ಮನೆ ಮಲಗಿರಲಿ, ನಾಡಿ ಎಣಿಸಿ ಬರೆದುಕೊಳ್ಳಿ. ಕೊರೊನಾ ಕಾಲದ ಆಕ್ಸಿಮೀಟರ್ ಮನೆಯಲ್ಲಿ ಬಿದ್ದಿದ್ದರೆ ಅದೇ ನಾಡಿಯನ್ನೂ ತೋರಿಸುತ್ತದೆ. ಎದ್ದು ನಿಲ್ಲಲಿ, ಎರಡು, ಐದು, ಹತ್ತನೇ ನಿಮಿಷಕ್ಕೆ ಮತ್ತೆ ನೋಡಿ. ಬಿದ್ದಾಳು, ಪಕ್ಕದಲ್ಲಿ ಒಬ್ಬರು ನಿಂತಿರಿ. ನಿಂತಾಗ ನಾಡಿ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೇ ಉಳಿದರೆ, ಒಲೆ ಮುಂದೆ ಎದೆ ಹೊಡೆದುಕೊಳ್ಳುವುದಕ್ಕೆ ಕಾರಣ ಸಿಕ್ಕಂತೆ. ಮಲಗಿದಾಗ ಮಾಡಿದ ಇಸಿಜಿಯಲ್ಲಿ ಇದು ಕಾಣುವುದಿಲ್ಲ. ಆ ಚೀಟಿ ಹಿಡಿದು ಫಿಸಿಷಿಯನ್ ಹತ್ತಿರ ಹೋಗಿ. ನೀರು ಮತ್ತು ಉಪ್ಪು ಹೆಚ್ಚಿಸುವುದು, ಕಾಲಿಗೆ ಬಿಗಿ ಸ್ಟಾಕಿಂಗ್, ಬೇಕಾದರೆ ಬಡಿತ ತಗ್ಗಿಸುವ ಮಾತ್ರೆ, ಇವು ಇದಕ್ಕೆ ನೆರವಾಗುತ್ತವೆ. ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬೇಡಿ, ಬಿಪಿ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಅದೇ ಅಪಾಯ.

ಮುಖ್ಯ ಚಿಕಿತ್ಸೆ ನಿಮ್ಮ ಮನೆಯಲ್ಲೇ ಆಗಬೇಕು. ಸೊಸೆಯ ಮೈಯನ್ನು ಏಪ್ರಿಲ್ ತಿಂಗಳ ಬಾವಿ ಎಂದುಕೊಳ್ಳಿ. ಒರತೆ ಇದೆ, ಸಣ್ಣದು. ಹತ್ತು ಕೊಡ ಇದ್ದಾಗ ಆರೇ ಸೇದಿದರೆ ನಾಳೆಗೂ ಸಿಗುತ್ತದೆ, ತಳ ಕಾಣುವವರೆಗೆ ಸೇದಿದರೆ ವಾರ ಕಾಯಬೇಕು. ಆದ್ದರಿಂದ ಸುಸ್ತಾಗುವ ಮುಂಚೆ ವಿಶ್ರಾಂತಿ, ಸುಸ್ತಾದ ಮೇಲಲ್ಲ. ಒಲೆ ಮುಂದೆ ಎತ್ತರದ ಸ್ಟೂಲ್ ಹಾಕಿ, ಕೂತೇ ಅಡುಗೆ ಮಾಡಲಿ. ತಲೆಸ್ನಾನ ಒಂದು ದಿನ, ಬಟ್ಟೆ ಒಗೆಯುವುದು ಇನ್ನೊಂದು ದಿನ. ಸ್ನಾನ ಕೂತು ಮಾಡಲಿ, ನೀರು ಉಗುರುಬೆಚ್ಚಗಿರಲಿ, ಕುದಿನೀರಿನ ಸ್ನಾನಕ್ಕೆ ರಕ್ತನಾಳ ಹಿಗ್ಗಿ ತಲೆ ತಿರುಗುತ್ತದೆ. ಓದುವುದು, ಲೆಕ್ಕ ಬರೆಯುವುದು, ನೆಂಟರ ಜೊತೆ ಗಂಟೆಗಟ್ಟಲೆ ಮಾತು, ಇವೂ ದಣಿಸುವ ಕೆಲಸಗಳೇ. ಒಂದು ನೋಟ್‌ಬುಕ್ಕಿನಲ್ಲಿ ಇವತ್ತು ಮಾಡಿದ್ದೇನು, ನಾಳೆ, ನಾಡಿದ್ದು ಮೈ ಹೇಗಿತ್ತು ಎಂದು ಬರೆದಿಟ್ಟರೆ ಎಷ್ಟಕ್ಕೆ ಕುಸಿಯುತ್ತಾಳೆ ಎಂಬ ಗೆರೆ ತಿಂಗಳೊಳಗೆ ಕಾಣುತ್ತದೆ.

ದಿನಾ ಸ್ವಲ್ಪ ಸ್ವಲ್ಪ ವಾಕಿಂಗ್ ಜಾಸ್ತಿ ಮಾಡು, ಸರಿಹೋಗುತ್ತೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ಶ್ರಮದ ನಂತರ ಹೀಗೆ ಕುಸಿಯದ ರೋಗಿಗಳಿಗೆ ನಾನೂ ವಾಕಿಂಗ್ ಹೇಳುತ್ತೇನೆ, ಅವರಿಗೆ ಒಳ್ಳೆಯದು. ಕುಸಿಯುವವರಿಗೆ ಈ ಏರಿಕೆಯ ವ್ಯಾಯಾಮ ಹೊಂದುವುದಿಲ್ಲ. ಇದೇ ಬಗೆಯ ದೀರ್ಘ ಬಳಲಿಕೆಯ ಕಾಯಿಲೆಗೆ ಅದನ್ನು ಹಿಂದೆ ಶಿಫಾರಸು ಮಾಡುತ್ತಿದ್ದ ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಸಲಹೆ ಕೊಡುವ ನೈಸ್ ಸಂಸ್ಥೆ 2021ರ ಅಕ್ಟೋಬರಿನ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು.

ಇದಕ್ಕೆಂದೇ ಇರುವ ಗುಳಿಗೆ ಇಲ್ಲ. ಸುಸ್ತು ಎಂದ ಕೂಡಲೇ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಈ ಸುಸ್ತು ಹೋಗುವುದಿಲ್ಲ, ದುಡ್ಡು ಹೋಗುತ್ತದೆ. ನಿದ್ದೆ ಕೆಟ್ಟಿದ್ದರೆ, ಮನಸ್ಸು ಕುಗ್ಗಿದ್ದರೆ ಅದಕ್ಕೆ ಔಷಧ ಇದೆ, ಕೊಡಿಸಿ. ನಾಲ್ಕು ವರ್ಷ ಯಾರೂ ನಂಬದಿದ್ದರೆ ಮನಸ್ಸು ಕುಗ್ಗದೆ ಏನಾಗುತ್ತದೆ? ಮೊದಲ ವರ್ಷದಲ್ಲಿ ಬಹಳ ಮಂದಿ ಸುಧಾರಿಸುತ್ತಾರೆ. ಇಷ್ಟು ವರ್ಷ ಉಳಿದದ್ದು ನಿಧಾನಕ್ಕೆ ಸರಿಯಬೇಕು. ಕುಸಿತಗಳು ಕಡಿಮೆಯಾದರೆ ಅದೇ ಮೊದಲ ಗೆಲುವು.

ನೀವು ಕೇಡು ಬಯಸಿ ಬರೆದಿಲ್ಲ ಎಂದು ಪತ್ರ ಓದಿದರೇ ತಿಳಿಯುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಅವಳ ಜೊತೆ ನೀವೇ ಹೋಗಿ, ಹಬ್ಬದ ಮರುದಿನ ಏನಾಯಿತು ಎಂದು ನೀವೇ ಹೇಳಿ. ಅತ್ತೆ ಹೇಳಿದ ಮಾತಿಗೆ ಡಾಕ್ಟರ ಮುಂದೆ ಬೇರೆಯೇ ತೂಕ ಇರುತ್ತದೆ. ಬರುವ ಗೌರಿ ಹಬ್ಬಕ್ಕೆ ಹೂರಣ ಹಿಂದಿನ ದಿನವೇ ರುಬ್ಬಿಡಿ, ಅವಳು ಕೂತು ತಟ್ಟಲಿ, ಬೇಯಿಸಲು ಮಗನನ್ನು ನಿಲ್ಲಿಸಿ.

ಪ್ರಶ್ನೆ: ನಾನು ಮದುವೆ ಮುಂಜಿಗಳಿಗೆ ಅಡುಗೆ ಮಾಡುವವನು. ಏಳು ತಿಂಗಳ ಹಿಂದೆ ಮನೆಯಲ್ಲಿ ತಮ್ಮನಿಗೆ ಕೊರೊನಾ ಎಂದರು, ನನಗೂ ಶೀತ ಆಯಿತು, ಪರೀಕ್ಷೆ ಮಾಡಿಸಲಿಲ್ಲ. ವಾಸನೆ ಪೂರ್ತಿ ಹೋಯಿತು. ಎರಡು ತಿಂಗಳಿಗೆ ಬಂತು, ಆದರೆ ಉಲ್ಟಾ ಬಂತು. ಈರುಳ್ಳಿ ಹುರಿದರೆ ಕೊಳೆತ ನಾತ, ಕಾಫಿ ಡಿಕಾಕ್ಷನ್ ಸುಟ್ಟ ರಬ್ಬರಿನಂತೆ. ನನ್ನ ಕಸುಬು ಉಳಿಯುತ್ತದೆಯೇ?
(ಶಿರಸಿ)

ಉತ್ತರ: ಭಟ್ಟರೇ, ಧೈರ್ಯ ತಂದುಕೊಳ್ಳಿ. ಉಲ್ಟಾ ಬಂದದ್ದು ಏನೂ ಬಾರದೆ ಇರುವುದಕ್ಕಿಂತ ಒಳ್ಳೆಯ ಸೂಚನೆ. ಈ ವೈರಸ್ ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಕೋಶಗಳಿಗಿಂತ ಹೆಚ್ಚಾಗಿ ಅವಕ್ಕೆ ಆಸರೆ ಕೊಡುವ ಕೋಶಗಳಿಗೆ ತಗಲುತ್ತದೆ. ಆಸರೆ ಹೋದಾಗ ನರಕೋಶಗಳೂ ಸೊರಗುತ್ತವೆ. ಅವು ಮತ್ತೆ ಹುಟ್ಟುತ್ತವೆ, ಮೈಯಲ್ಲಿ ಹೀಗೆ ಮತ್ತೆ ಹುಟ್ಟುವ ನರಕೋಶಗಳು ಬಲು ಕಡಿಮೆ. ಹೊಸದಾಗಿ ಹುಟ್ಟಿದವು ಮೆದುಳಿನ ಜೊತೆ ಕೂಡಿಕೊಳ್ಳುವಾಗ ತಪ್ಪು ಸಂದೇಶ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಕಾಫಿ, ಕರಿದ ಎಣ್ಣೆ, ಹೆಚ್ಚಿನ ರೋಗಿಗಳ ದೂರು ಇವುಗಳ ಮೇಲೇ.

ಮೂಗಿಗೆ ತಾಲೀಮು ಕೊಡಬೇಕು. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಅವರ ತಂಡ 2009ರಲ್ಲಿ, ಕೊರೊನಾಕ್ಕೂ ಬಹಳ ಮುಂಚೆ, ಪ್ರಕಟಿಸಿದ ವಿಧಾನವಿದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ನಾಲ್ಕು ಪರಿಮಳ. ನೀಲಗಿರಿ ಎಣ್ಣೆಯನ್ನು ಹತ್ತಿಗೆ ಹಾಕಿ ಸಣ್ಣ ಡಬ್ಬಿಯಲ್ಲಿಡಿ, ಮೂಗಿಗೆ ತಾಗಿಸಬೇಡಿ. ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡು ಮೆಲ್ಲಗೆ ಮೂಸಿ, ಆ ವಸ್ತುವನ್ನೇ ಮನಸ್ಸಿನಲ್ಲಿ ತಂದುಕೊಳ್ಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಕನಿಷ್ಠ 12 ವಾರ. ಬಹಳ ಜನ ಎರಡು ವಾರಕ್ಕೆ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಜೊತೆಗೆ ಇಎನ್‌ಟಿ ವೈದ್ಯರಲ್ಲಿ ಒಮ್ಮೆ ಮೂಗು ತೋರಿಸಿ, ಒಳಗೆ ಮಾಂಸ ಬೆಳೆದಿದ್ದರೂ ವಾಸನೆ ಕೆಡುತ್ತದೆ.

ಸದ್ಯಕ್ಕೆ ಒಗ್ಗರಣೆ ಹದ, ಹಾಲು, ತುಪ್ಪ, ತೆಂಗಿನಕಾಯಿ ಕೆಟ್ಟಿದೆಯೇ ಎಂಬುದನ್ನು ಜೊತೆಯವರು ನೋಡಲಿ. ಗ್ಯಾಸ್ ಸೋರಿಕೆ ನಿಮಗೆ ಗೊತ್ತಾಗದಿರಬಹುದು, ಸಿಲಿಂಡರ್ ಹಾಕುವ ಕೆಲಸ ಅವರಿಗೇ ಬಿಡಿ. ಬಿಸಿ ಊಟದ ನಾತ ತಡೆಯದಿದ್ದರೆ ಆರಿದ ಮೇಲೆ ಉಣ್ಣಿ, ಮೊಸರನ್ನ ಹೆಚ್ಚಿನವರಿಗೆ ಸೇರುತ್ತದೆ. ವರ್ಷ, ಎರಡು ವರ್ಷದ ನಂತರವೂ ಸರಿಹೋದವರಿದ್ದಾರೆ.

ಪ್ರಶ್ನೆ: ವಯಸ್ಸು 52, ಶೇಂಗಾ ಬೆಳೆಯುತ್ತೇನೆ. ಹತ್ತು ತಿಂಗಳ ಹಿಂದೆ ಚಿಕೂನ್‌ಗುನ್ಯಾ ಬಂದಿತ್ತು. ಈಗಲೂ ಬೆಳಿಗ್ಗೆ ಬೆರಳು ಮಡಚಲು ಒಂದು ಗಂಟೆ ಬೇಕು, ಹಿಮ್ಮಡಿ ಊರಲಾಗುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಬಿಡಿಯಾಗಿ ಕೊಡುವ ಗುಳಿಗೆಯಿಂದ ಮಾತ್ರ ಕೆಲಸ ಸಾಗುತ್ತಿದೆ. ಮುಖ ಸ್ವಲ್ಪ ಊದಿದೆ. ಅದನ್ನೇ ಮುಂದುವರಿಸಲೇ?
(ಹಿರಿಯೂರು)

ಉತ್ತರ: ಮುಖ ಊದಿದ್ದು ಓದಿ ಗಾಬರಿಯಾಯಿತು. ಅಂಗಡಿಯವರು ಬಿಡಿಸಿ ಕೊಡುವ ಆ ಗುಳಿಗೆಯಲ್ಲಿ ಸ್ಟೀರಾಯಿಡ್ ಇರುವ ಸಂಭವ ಹೆಚ್ಚು. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ. ಆದರೆ ಈ ಪತ್ರಿಕೆ ಮಡಚಿಟ್ಟು ಇವತ್ತೇ ನಿಲ್ಲಿಸಿಬಿಡಬೇಡಿ. ಹೊರಗಿನಿಂದ ಸ್ಟೀರಾಯಿಡ್ ಬರುತ್ತಿದ್ದಾಗ ಮೈ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ, ದಿಢೀರ್ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಆ ಗುಳಿಗೆ ಹಿಡಿದುಕೊಂಡೇ ಈ ವಾರ ವೈದ್ಯರಲ್ಲಿ ಹೋಗಿ, ಹಂತಹಂತವಾಗಿ ಇಳಿಸುತ್ತಾರೆ. ನೋವಿನ ಮಾತ್ರೆಗಳೂ ಅಷ್ಟೇ, ದಿನಾ ನುಂಗಿದರೆ ಕಿಡ್ನಿಗೂ ಹೊಟ್ಟೆಗೂ ಪೆಟ್ಟು.

ಮೂರು ತಿಂಗಳು ದಾಟಿದ ಚಿಕೂನ್‌ಗುನ್ಯಾ ಕೀಲುನೋವಿಗೆ ಸರಿಯಾದ ಚಿಕಿತ್ಸೆ ಇದೆ. 2006ರಲ್ಲಿ ಈ ಜ್ವರ ದೇಶಕ್ಕೆ ಮರಳಿ ಬಂದಾಗ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಾದವು, ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ನಮ್ಮ ಕರ್ನಾಟಕದ್ದು. ಊರಿಗೆ ಊರೇ ಗೋಡೆ ಹಿಡಿದು ನಡೆದ ಆ ವರ್ಷ ನಿಮಗೂ ನೆನಪಿರಬೇಕು. ಬಹುಪಾಲು ಜನ ವಾಸಿಯಾದರು, ಕೆಲವರಿಗೆ ನೋವು ವರ್ಷಗಟ್ಟಲೆ ಉಳಿಯಿತು, ವಯಸ್ಸಾದವರಿಗೆ ಮತ್ತು ಮೊದಲೇ ಕೀಲುರೋಗ ಇದ್ದವರಿಗೆ ಹೆಚ್ಚಾಗಿ. ಬೆಳಗಿನ ಬಿಗಿತ ಒಂದು ಗಂಟೆ ಇರುತ್ತದೆ ಎಂದರೆ ಕೀಲಿನೊಳಗೆ ಉರಿಯೂತ ಇದೆ ಎಂದರ್ಥ. ಕೀಲುವಾತ ತಜ್ಞರನ್ನು ಕಾಣಿ. ರುಮಟಾಯಿಡ್ ಕೀಲುವಾತವೇ ಅಡಗಿದೆಯೇ ಎಂದು ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಪರೀಕ್ಷೆ ಮಾಡಿಸುತ್ತಾರೆ. ಬೇಕೆನಿಸಿದರೆ ಕೀಲಿನ ಉರಿಯೂತ ತಗ್ಗಿಸುವ ಮೆಥೋಟ್ರೆಕ್ಸೇಟ್ ಕೊಡುತ್ತಾರೆ. ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ, ದಿನಾ ನುಂಗಿದರೆ ವಿಷ, ಇದನ್ನು ಮನೆಯವರಿಗೂ ಹೇಳಿಟ್ಟಿರಿ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಚ್ಚಿ ಮಾಡಿ. ಶೇಂಗಾ ಕೀಳುವ ಕೆಲಸ ಬಿಸಿಲೇರಿದ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಗಂಡನಿಗೆ 41. 2021ರಲ್ಲಿ ಕೊರೊನಾ ಬಂದು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಲಸಿಕೆಯಿಂದ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಲೇ ಇದೆ. ರಾತ್ರಿ ಅವರ ಉಸಿರು ನೋಡುತ್ತಾ ಮಲಗುತ್ತೇನೆ.
(ಹಾಸನ)

ಉತ್ತರ: ತಂಗೀ, 2025ರ ಜೂನ್, ಜುಲೈಯಲ್ಲಿ ನಿಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ರಾಜ್ಯವನ್ನೆಲ್ಲ ನಡುಗಿಸಿತ್ತು, ಭಯ ಸಹಜ. ಲಸಿಕೆಯ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳ ಮೂಲಕ, 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಪರಿಶೀಲಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಕೊರೊನಾಕ್ಕಾಗಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಆಗಿದ್ದವರಲ್ಲಿ, ಸಾವಿಗೆ ಮುಂಚಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದವರು ಅಥವಾ ವಿಪರೀತ ಶ್ರಮದ ವ್ಯಾಯಾಮ ಮಾಡಿದವರಲ್ಲಿ.

ನಿಮ್ಮವರು ಆಸ್ಪತ್ರೆ ಸೇರಿದ್ದರಿಂದ ಒಂದು ಸಲ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಆಗಲಿ. ಸಕ್ಕರೆ ಮುಖ್ಯ, ಕೊರೊನಾದ ನಂತರ ಹೊಸದಾಗಿ ಮಧುಮೇಹ ಪತ್ತೆಯಾದವರು ಬಹಳ. ಬೀಡಿ, ಸಿಗರೇಟು ಇದ್ದರೆ ಬಿಡಿಸಿ. ಜಿಮ್‌ಗೆ ಸೇರುವ ಆಸೆಯಿದ್ದರೆ ಈ ಪರೀಕ್ಷೆಗಳಾದ ಮೇಲೆ, ನಿಧಾನವಾಗಿ.

ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸುತ್ತಾ ಕೂರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ, ರಾತ್ರಿಯೂ ಸಿಗುತ್ತದೆಯೇ ಎಂದು ಈ ವಾರವೇ ಹೋಗಿ ವಿಚಾರಿಸಿಟ್ಟುಕೊಳ್ಳಿ.